ಲೆಕ್ಕಕ್ಕೆ ಬಾರದ ಓದು

ಭಾನುವಾರ ಬೆಳಿಗ್ಗೆ ಎಂದರೆ ನನಗೆ ಹೊಟ್ಟೆನೋವು. ನೆಪದ ನೋವಲ್ಲ, ಖರೇ ನೋವು. ಬೆಳಗಾವಿಯ ಶಹಾಪುರದ ಕಡೆ ನೇಕಾರರ ಓಣಿಯೊಂದರಲ್ಲಿ ನಮ್ಮ ಮನೆ. ಮುಂದೊಂದು ಖೋಲಿ, ನಡುವೊಂದು ಖೋಲಿ, ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು ಮತ್ತು ಒಂದು ಕರಿಬೇವಿನ ಗಿಡ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಮುಂದಿನ ಖೋಲಿ ಅವರದು. ಅಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು, ಕಪಾಟಿನ ತುಂಬ ಕಂದು ಕಾಗದದ ಹೊದಿಕೆ ಹಾಕಿದ, ಬೆನ್ನಿಗೆ ಅಂಕಿ ಬರೆದ ಪುಸ್ತಕಗಳು. ಭಾನುವಾರ ಅವರು ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಕುರ್ಚಿಗೆ ಬಂದು ಕುಳಿತು ಉದ್ದನೆಯ ಒಂದು ವಹಿ ಬಿಚ್ಚುತ್ತಿದ್ದರು. ಅದರಲ್ಲಿ ಅಕ್ಕ ಶೈಲಾಳಿಗೆ ಅರ್ಧ, ನನಗೆ ಅರ್ಧ. ಪುಸ್ತಕದ ಹೆಸರು, ಬರೆದವರು, ಓದಿದ ಪುಟ, ಕಲಿತ ನೀತಿ ಎಂದು ನಾಲ್ಕು ಕಾಲಮ್ಮು ಗೆರೆ ಎಳೆದಿದ್ದರು. ನಾವಿಬ್ಬರೂ ಎದುರು ನಿಂತು ವಾರದ ಓದು ಒಪ್ಪಿಸಬೇಕು, ಒಪ್ಪಿಸಿದ ಮೇಲೆಯೇ ಅವಲಕ್ಕಿ. ಶೈಲಾ ನೀರು ಕುಡಿದಷ್ಟು ಸಲೀಸಾಗಿ ಹೇಳಿ ಮುಗಿಸಿ ಒಳಗೆ ಹೋಗುತ್ತಿದ್ದಳು. ಒಗ್ಗರಣೆಯ ವಾಸನೆ ಮುಂದಿನ ಖೋಲಿಯವರೆಗೂ ಬರುತ್ತಿತ್ತು. ನಾನು ನಿಂತೇ ಇರುತ್ತಿದ್ದೆ.

“ಎಷ್ಟ ಪುಟಾ ಆದೂ?”

“ನಾಕು.”

“ಇಡೀ ವಾರಕ್ಕ ನಾಕ? ನೀತಿ ಏನ ತಿಳೀತು?”

ಅದು ಒಬ್ಬ ಸತ್ಪುರುಷನ ಚರಿತ್ರೆ. ನಾಲ್ಕು ಪುಟದಲ್ಲಿ ಆತ ಇನ್ನೂ ಹುಟ್ಟಿಯೇ ಇರಲಿಲ್ಲ. ಅವನ ಊರಿನ ಹೊಳೆ, ಗುಡ್ಡಗಳ ವರ್ಣನೆ ನಡೆದಿತ್ತು. ಹುಟ್ಟದವನಿಂದ ಯಾವ ನೀತಿ ಕಲಿಯಲಿ? ಹಾಗೆಂದು ಹೇಳುವ ಧೈರ್ಯವಿರಲಿಲ್ಲ. ನಾನು ಕಾಲ್ಬೆರಳಿನಿಂದ ನೆಲದ ಫರಸಿಯ ಸಂದು ಕೆರೆಯುತ್ತಿದ್ದೆ.

“ಸುನಂದಾ, ನಿನಗ ಓದಂದ್ರ ಆಗಿಬರೂದಿಲ್ಲ ಬಿಡು,” ಎನ್ನುತ್ತಿದ್ದರು ಅಪ್ಪ. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳಿಗೆ ಮೆಳ್ಳೆಗಣ್ಣು ಇದೆ ಎಂದು ಒಪ್ಪಿಕೊಂಡವರಂತೆ ಹೇಳುತ್ತಿದ್ದರು. ಆಮೇಲೆ ನನ್ನ ಹಾಳೆಯಲ್ಲಿ ದುಂಡಗೆ ‘ಓದಿಲ್ಲ’ ಎಂದು ಬರೆಯುತ್ತಿದ್ದರು.

ಐವತ್ತು ವರ್ಷವಾಗುತ್ತ ಬಂತು, ಆ ಎರಡು ಮಾತು ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಎದ್ದಾಗಿನಿಂದ ಮಲಗುವವರೆಗೆ ನಾನು ಮಾಡುತ್ತಿದ್ದುದು ಅದೊಂದೇ ಕೆಲಸ. ಚಹಾಪುಡಿಯ ಪುಡಿಕೆ ಬಿಚ್ಚಿದರೆ ಆ ಕಾಗದ ಓದುತ್ತಿದ್ದೆ. ಶೇಂಗಾ ತಿಂದರೆ ಪೊಟ್ಟಣ ಓದುತ್ತಿದ್ದೆ, ಅದರ ಒಳಮೈಯನ್ನೂ ಅಂಟು ಬಿಡಿಸಿ ಓದುತ್ತಿದ್ದೆ. ಟಾಕೀಜಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಹೊಲಿಗೆ ಮಷೀನಿನ ಜೊತೆ ಬಂದ ಪುಸ್ತಿಕೆ, ಜ್ವರದ ಔಷಧಿಯ ಡಬ್ಬಿಯಲ್ಲಿ ಮಡಿಚಿಟ್ಟ ತೆಳು ಹಾಳೆ, ತೂಗುಹಾಕಿದ ಪಂಚಾಂಗದಲ್ಲಿ ಹಲ್ಲಿ ಎಲ್ಲಿ ಬಿದ್ದರೆ ಏನು ಫಲ ಎನ್ನುವ ಪಟ್ಟಿ. ಇದೆಲ್ಲ ನನಗೆ ಬಾಯಿಪಾಠ. ಆದರೆ ಅಪ್ಪನ ವಹಿಯಲ್ಲಿ ಇವುಗಳಿಗೆ ಜಾಗವಿರಲಿಲ್ಲ. ಇವಕ್ಕೆ ಬರೆದವರಿಲ್ಲ, ಪುಟಗಳಿಲ್ಲ, ನೀತಿ ಮೊದಲೇ ಇಲ್ಲ.

ಮನೆಯಲ್ಲಿ ಲೆಕ್ಕಕ್ಕೆ ಬಾರದ ಇನ್ನೊಬ್ಬಳಿದ್ದಳು, ನಮ್ಮ ಅವ್ವ. ಅವಳ ತವರು ಖಾನಾಪುರ. ಅಲ್ಲಿ ನಮ್ಮಂಥ ಮನೆಗಳಲ್ಲಿ ಮಾತು ಕನ್ನಡ, ಸಾಲಿ ಮರಾಠಿ. ಅವಳೂ ಮರಾಠಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಕನ್ನಡ ಅಕ್ಷರ ಬಾರದು. ಓಣಿಯ ಹೆಂಗಸರು ನಾಲ್ಕೈದು ಜನ ಸೇರಿ ಮರಾಠಿಯ ಒಂದು ಮಾಸಿಕ ತರಿಸುತ್ತಿದ್ದರು. ಅದರಲ್ಲಿ ಧಾರಾವಾಹಿ ಕತೆ, ಅಡುಗೆ, ಸ್ವೆಟರ್ ಹೆಣೆಯುವ ನಮೂನೆಗಳು. ಮನೆಯಿಂದ ಮನೆಗೆ ಸುತ್ತಿ, ಅರಿಶಿನದ ಬೆರಳಿನ ಗುರುತು, ಎಣ್ಣೆ ಕಲೆಗಳೊಂದಿಗೆ ಅದು ಕೊನೆಗೆ ನಮ್ಮ ಮನೆ ಸೇರುತ್ತಿತ್ತು, ಏಕೆಂದರೆ ಜೋಡಿಸಿ ಇಡುವ ಶಿಸ್ತು ಇದ್ದುದು ಅವ್ವನಿಗೆ ಮಾತ್ರ. ಬೇಳೆ ಬೇಯುವಷ್ಟು ಹೊತ್ತು ಅವಳು ಒಲೆಯ ಬಾಜು ಕುಕ್ಕರಗಾಲಲ್ಲಿ ಕುಳಿತು ಓದುತ್ತಿದ್ದಳು. ತುಟಿ ಅಲುಗುತ್ತಿತ್ತು. ಕೆಲವೊಮ್ಮೆ ಯಾರದೋ ಮೇಲೆ ಸಿಟ್ಟಾಗಿ ಹುಬ್ಬು ಗಂಟಿಕ್ಕುತ್ತಿತ್ತು. ನಾನು ಅವಳ ಹೆಗಲ ಮೇಲೆ ಗದ್ದ ಊರಿ ಓದುತ್ತ ಓದುತ್ತ ಮರಾಠಿ ಕಲಿತೆ. ಹಾಗೆಯೇ ಹೆಣಿಗೆಯ ಸೂಜಿ ಹಿಡಿಯುವುದನ್ನೂ ಕಲಿತೆ. ಒಂದು ಸಲ ಅಪ್ಪನ ಗೆಳೆಯರೊಬ್ಬರು ಮನೆಗೆ ಬಂದವರು ಆ ಮಾಸಿಕಗಳ ಗಂಟು ನೋಡಿ, ಯಾರು ಓದುತ್ತಾರೆ ಎಂದು ಕೇಳಿದರು.

“ಯಾರೂ ಓದೂದಿಲ್ರಿ. ನಮ್ಮಾಕಿ ಸುಮ್ನ ಹಾಳಿ ತಿರುವತಾಳ,” ಎಂದರು ಅಪ್ಪ.

ಅವ್ವ ಚಹಾದ ಕಪ್ಪು ಇಟ್ಟು ಒಳಗೆ ಹೋದಳು. ಅವಳ ಮುಖ ನೋಡಿದ ನೆನಪಿಲ್ಲ. ಅವಳ ಮುಖ ನೋಡಬೇಕೆಂದು ನನಗೂ ಆಗ ಅನ್ನಿಸಲಿಲ್ಲ.

ನನ್ನ ಖರೇ ವಾಚನಾಲಯ ಓಣಿಯ ತುದಿಯ ಖಾದರ್ ಚಾಚಾನ ರದ್ದಿ ಅಂಗಡಿ. ಹಳೆಯ ಪೇಪರು, ಪುಸ್ತಕಗಳು ಅಲ್ಲಿ ನನ್ನ ಎತ್ತರಕ್ಕೆ ಬಿದ್ದಿರುತ್ತಿದ್ದವು. ಹಿಂದಿನ ಪಡಸಾಲೆಯಲ್ಲಿ ಅವನ ಹೆಂಡತಿ ಜುಬೇದಾ ಚಾಚಿ ಮೈದಾ ಅಂಟು ಕಾಯಿಸಿ ಭಜಿ ಅಂಗಡಿಗಳಿಗೆ ಪೊಟ್ಟಣ ಮಾಡುತ್ತಿದ್ದಳು. ಚಾಚಿಗೆ ಒಂದು ಚಿಂತೆ ಇತ್ತು. ಯಾವ ದೇವರ ಹೆಸರಿರುವ ಹಾಳೆಯೂ ಪೊಟ್ಟಣವಾಗಬಾರದು. ಭಜಿ ತಿಂದವರು ಮುದ್ದೆ ಮಾಡಿ ಬೀದಿಗೆ ಎಸೆಯುತ್ತಾರೆ, ಜನ ತುಳಿಯುತ್ತಾರೆ. ಉರ್ದು ಓದಲು ಅವಳಿಗೆ ಬರುತ್ತಿತ್ತು. ಕನ್ನಡ, ಮರಾಠಿ ಅಕ್ಷರ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ರಾಶಿಯ ಪಕ್ಕ ನಿಂತು ಹರಿದ ಹಾಳೆ ಓದುತ್ತಿರುವುದನ್ನು ಕಂಡು ಕರೆದಳು.

“ಬೇಟೀ, ಇಲ್ಲಿ ಬಾ. ಇದರಾಗ ದೇವರ ನಾಮ ಐತೇನ ನೋಡ. ನಿಮ್ದು, ನಮ್ದು, ಯಾರದೂ ಇರಲಿ. ಇದ್ದರ ಬಾಜೂಕ ಇಡು.”

ಅಂದಿನಿಂದ ಸಾಲಿ ಬಿಟ್ಟ ಮೇಲೆ ಒಂದು ತಾಸು ನಾನು ಅಲ್ಲಿ. ದೇವರು ಎಲ್ಲಿ ಅಡಗಿರುತ್ತಾನೆ ಹೇಳಲಾಗದು. ಸಿನಿಮಾ ಸುದ್ದಿಯ ನಡುವೆ ನಟಿಯ ಹೆಸರಿನಲ್ಲಿರುತ್ತಾನೆ, ಕಿರಾಣಿ ಅಂಗಡಿಯ ಜಾಹೀರಾತಿನಲ್ಲಿರುತ್ತಾನೆ. ಹಾಗಾಗಿ ಮೇಲಿನಿಂದ ಕೆಳಗಿನವರೆಗೆ ಒಂದು ಅಕ್ಷರ ಬಿಡದೆ ಓದಬೇಕಿತ್ತು. ದೇವರಿದ್ದ ಹಾಳೆಗಳಿಗೆ ಬೇರೆ ಚೀಲ. ಅದನ್ನು ಚಾಚಾ ಆಗಾಗ ಒಯ್ದು ಹರಿಯುವ ನೀರಿಗೆ ಬಿಡುತ್ತಿದ್ದ. ನಾನು ಅಲ್ಲಿ ಓದಿದ ಯಾವ ಕತೆಗೂ ತಲೆ ಇರಲಿಲ್ಲ, ಕೆಲವಕ್ಕೆ ಬಾಲವೂ ಇರಲಿಲ್ಲ. ಎಂಟನೆಯ ಪುಟದಲ್ಲಿ ಒಬ್ಬಳು ಅಳುತ್ತಿದ್ದರೆ, ಯಾಕೆ ಅಳುತ್ತಾಳೆ ಎಂದು ಚಾಚಿ ಕೇಳುವಳು, ನಾನು ಹಿಂದಿನ ಏಳು ಪುಟಗಳನ್ನು ಕಟ್ಟಿ ಹೇಳುವೆ. ಚಾಚಿ ಒಪ್ಪದಿದ್ದರೆ ಬೇರೆ ಕಟ್ಟಬೇಕು. “ಛೇ, ಗಂಡ ಹೊಡದಾ ಅಂತ ಅಳೂ ಹೆಂಗಸಲ್ಲ ಆಕಿ. ಬ್ಯಾರೇನ ಹೇಳ,” ಎನ್ನುತ್ತಿದ್ದಳು. ಈ ಕೆಲಸಕ್ಕೆ ಪ್ರತಿಯಾಗಿ ರಟ್ಟು ಹರಿದ ಕನ್ನಡ ಕಾಮಿಕ್ಸು ಸಿಕ್ಕರೆ ನನ್ನದು. ರಾಜಕುಮಾರರು, ಕಾಡಿನ ಮುಖವಾಡದವರು, ಮಾತಾಡುವ ಹುಲಿಗಳು. ಮಂಚದ ಕೆಳಗಿನ ಟ್ರಂಕಿನಲ್ಲಿ ಅವುಗಳ ಗಂಟು ಬೆಳೆಯಿತು. ಅಪ್ಪನಿಗೆ ಗೊತ್ತಿತ್ತು. ಓದಲ್ಲದ್ದನ್ನು ಅವರು ಗಮನಿಸುತ್ತಲೇ ಇರಲಿಲ್ಲ, ಅಷ್ಟೆ.

ನಾನು ಎಂಟನೆಯ ಇಯತ್ತೆಗೆ ಅಪ್ಪನ ಹೈಸ್ಕೂಲಿಗೇ ಸೇರಿದ ವರ್ಷ ಅಲ್ಲೊಂದು ಸ್ಪರ್ಧೆ ಇಟ್ಟರು. ವರ್ಷದಲ್ಲಿ ಪಠ್ಯ ಬಿಟ್ಟು ಏನೇನು ಓದಿದ್ದೀರಿ, ಪಟ್ಟಿ ಬರೆದು ಕೊಡಿ, ಹೆಚ್ಚು ಓದಿದವರಿಗೆ ಬಹುಮಾನ. ಮುಖ್ಯಾಧ್ಯಾಪಕರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ: ಪುಸ್ತಕ ಎಂದಿರಲಿಲ್ಲ, ‘ಏನೇನು ಓದಿದ್ದೀರಿ’ ಎಂದಿದ್ದರು. ನನಗೆ ರೆಕ್ಕೆ ಬಂದಂತಾಯಿತು. ಅಪ್ಪನ ವಹಿಗಿಂತ ದೊಡ್ಡದಾದ ಒಂದು ಕಡೆ ನನಗೂ ಲೆಕ್ಕ ಕೊಡುವ ಅವಕಾಶ. ಮೂರು ದಿನ ಕುಳಿತು ಬರೆದೆ. ಒಂದೂ ಸುಳ್ಳಿಲ್ಲ. ಕಾಮಿಕ್ಸುಗಳಿಗೆ ಹೆಸರಿಲ್ಲದಲ್ಲಿ ಕತೆಯ ಒಂದು ಸಾಲು ಬರೆದೆ. ಅವ್ವನ ಮಾಸಿಕದ ಧಾರಾವಾಹಿ, ಅದರ ಸ್ವೆಟರಿನ ನಮೂನೆ, ಮಷೀನಿನ ಪುಸ್ತಿಕೆ, ಮೆಹಂದಿ ಪಾಕೀಟಿನ ಹಿಂದಿನ ಸೂಚನೆ, ಖಾನಾಪುರಕ್ಕೆ ಹೋಗುವಾಗ ಸ್ಟೇಶನ್ನಿನಲ್ಲಿ ನಿಂತು ಓದಿದ ಗಾಡಿಗಳ ವೇಳಾಪಟ್ಟಿ, ಎಲ್ಲ ಬರೆದೆ. ಆರು ಹಾಳೆ ತುಂಬಿತು. ಸೂಜಿದಾರದಿಂದ ಹೊಲಿದು ಕೊಟ್ಟೆ.

ಶನಿವಾರ ಪ್ರಾರ್ಥನೆಗೆ ನಿಂತಾಗ ಗಣಿತದ ಸರ್ ಒಬ್ಬರು, ಕೆಟ್ಟವರಲ್ಲ, ನಗಿಸುವ ಹುಕಿಯವರು, ನನ್ನ ಹಾಳೆಗಳನ್ನು ಕೈಯಲ್ಲಿ ಹಿಡಿದು ಬಂದರು.

“ನಮ್ಮ ಕನ್ನಡ ಮಾಸ್ತರ ಮಗಳು ಭಾಳ ಓದ್ಯಾಳ. ಕೇಳ್ರಿ ಎಲ್ಲಾರೂ. ‘ಮೆಹಂದಿ ಪುಡಿಯ ಪಾಕೀಟು, ಪೂರ್ತಿ.’”

ಇಡೀ ಅಂಗಳ ನಕ್ಕಿತು.

“‘ಕೆಮ್ಮಿನ ಔಷಧಿ ಹಾಳೆ, ಎರಡು ಸಾರೆ.’ ಎರಡು ಸಾರೆ ಅಂತ ನೋಡ್ರಿ! ‘ಶೇಂಗಾ ಪೊಟ್ಟಣಗಳು, ಲೆಕ್ಕವಿಟ್ಟಿಲ್ಲ.’”

ಅವರು ಓದುತ್ತಲೇ ಹೋದರು. ಶೈಲಾ ತಲೆ ತಗ್ಗಿಸಿ ನಿಂತಿದ್ದಳು. ಅಪ್ಪ ಮೆಟ್ಟಿಲ ಮೇಲೆ, ಉಳಿದ ಮಾಸ್ತರರ ಸಾಲಿನಲ್ಲಿ ನಿಂತಿದ್ದರು. ನಗಲಿಲ್ಲ, ತಡೆಯಲೂ ಇಲ್ಲ. ಅವರ ಎರಡೂ ಕಿವಿ ಕೆಂಪಾಗಿದ್ದವು. ನನ್ನಿಂದ ಅವರಿಗೆ ಅವಮಾನವಾಯಿತು ಎನ್ನುವುದು ನನಗೆ ಆ ಕಿವಿ ನೋಡಿ ತಿಳಿಯಿತು. ಆದರೆ ನಾನೇನು ತಪ್ಪು ಮಾಡಿದೆ ಎನ್ನುವುದು ಮಾತ್ರ ತಿಳಿಯಲಿಲ್ಲ. ಓದಿದ್ದನ್ನು ಕೇಳಿದರು, ಓದಿದ್ದನ್ನು ಹೇಳಿದೆ. ಬಹುಮಾನ ಹತ್ತನೆಯ ಇಯತ್ತೆಯ ಒಬ್ಬನಿಗೆ ಹೋಯಿತು. ಅವನು ಪಟ್ಟಿಯನ್ನು ಸಾಲಿಯ ಪುಸ್ತಕಗಳ ರಿಜಿಸ್ಟರಿನಿಂದ ನಕಲು ಮಾಡಿದ್ದನೆಂದು ಅವನ ತಂಗಿಯೇ ನನಗೆ ಹೇಳಿದಳು.

ಮರುದಿನ ಭಾನುವಾರ ಒಪ್ಪಿಸುವುದು ಇರಲಿಲ್ಲ. ಅವ್ವ ಮುಂಜಾನೆಯೇ ಸೊಸೈಟಿಗೆ ಸೀಮೆಎಣ್ಣೆಯ ಪಾಳಿಗೆ ಹೋಗಿದ್ದಳು. ಅಪ್ಪ ಪೂಜೆ ಮುಗಿಸಿ ನಡುವಿನ ಖೋಲಿಗೆ ಬಂದು, ಟ್ರಂಕು ಎಳೆದು, ಕಾಮಿಕ್ಸುಗಳ ಗಂಟು ಹೊರಗಿಟ್ಟರು. ಅಡುಗೆಮನೆಯಿಂದ ಅವ್ವನ ಮಾಸಿಕಗಳ ಗಂಟು ತಂದರು. ಎರಡನ್ನೂ ಧೋತರದ ತುಂಡಿನಲ್ಲಿ ಕಟ್ಟಿ ಹೊತ್ತು ನಡೆದರು. ನಾನು ಹಿಂದೆ ಹಿಂದೆ ಓಡಿದೆ. ಅವರು ಹೋಗಿ ನಿಂತದ್ದು ಖಾದರ್ ಚಾಚಾನ ಅಂಗಡಿಯ ಮುಂದೆಯೇ.

“ಇದಷ್ಟೂ ಹರದ ಹಾಕ್ರಿ. ಇನ್ನ ಮ್ಯಾಲ ಈ ಹುಡುಗಿ ನಿಮ್ಮ ಅಂಗಡಿಗೆ ಬಂದ್ರ ಕೂಡ್ರಿಸಬ್ಯಾಡ್ರಿ. ಆಕೀ ತಲಿ ರದ್ದಿ ಆಗೇತಿ.”

ಚಾಚಾ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. “ಆತ್ರಿ ಮಾಸ್ತರ,” ಎಂದ. ಬೇರೆ ಏನು ಅಂದಾನು? ಅವನ ಮೂವರು ಮಕ್ಕಳೂ ಅಪ್ಪನ ಹೈಸ್ಕೂಲಿನಲ್ಲೇ ಓದುತ್ತಿದ್ದರು.

ಮಧ್ಯಾಹ್ನ ಅವ್ವ ಬಂದು ಖಾಲಿ ಜಾಗ ನೋಡಿದಳು. ಅವಳು ಆಗ ಅಪ್ಪನಿಗೆಂದೇ ಬೂದು ಬಣ್ಣದ ಒಂದು ಸ್ವೆಟರ್ ಹೆಣೆಯುತ್ತಿದ್ದಳು. ಬೆನ್ನು ಮುಗಿದಿತ್ತು, ಎದೆಯ ಭಾಗ ಅರ್ಧವಾಗಿತ್ತು. ಅದರ ನಮೂನೆ ಆ ಗಂಟಿನಲ್ಲಿತ್ತು. ಚಪ್ಪಲಿ ಹಾಕದೆ ರದ್ದಿ ಅಂಗಡಿಗೆ ಹೋದಳು. ಜುಬೇದಾ ಚಾಚಿ ಇದ್ದುದನ್ನೆಲ್ಲ ಸುರಿದು ಹುಡುಕಿದಳು. ಕಾಮಿಕ್ಸುಗಳನ್ನು ಅವಳು ಮುಟ್ಟಿರಲಿಲ್ಲ, ಗುರುತು ಹಿಡಿದು ತೆಗೆದಿಟ್ಟಿದ್ದಳು. ಮಾಸಿಕಗಳ ಹಾಳೆ ದೊಡ್ಡದು, ಗಟ್ಟಿಯಾದದ್ದು. ಅವು ಅಷ್ಟು ಹೊತ್ತಿಗಾಗಲೇ ಪೊಟ್ಟಣವಾಗಿ ಹೋಗಿದ್ದವು. ಅವ್ವ ಮನೆಗೆ ಬಂದು ಸೂಜಿ ಸಮೇತ ಸ್ವೆಟರನ್ನು ಅಪ್ಪನ ಮೇಜಿನ ಮೇಲೆ ಇಟ್ಟಳು. ಅವಳು ಕೂಗಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಾ ಈ ಮನೀಗೆ ಬಂದು ಹದಿನೇಳು ವರ್ಸ ಆತು. ಹದಿನೇಳು ವರ್ಸ ನಿಮ್ಮ ಕಣ್ಣಮುಂದ ಓದಾಕತ್ತೇನಿ. ನಿಮಗ ಕಂಡಿಲ್ಲಂದ್ರ ಕಣ್ಣ ತೋರಿಸಿಕೊಂಡ ಬರ್ರಿ.”

“ಓದೂದಂದ್ರ ಏನಂತ ತಿಳದೀ ನೀ? ಸ್ವೆಟರ್ ಪುಸ್ತಕಾ ನೋಡೂದು ಓದೇನ? ಆ ಹುಡುಗಿನ್ನ ಕೆಡಿಸಿದಾಕಿ ನೀನ.”

“ಹಂಗಾರ ಕೆಟ್ಟಾಕಿನ್ನ ಕರಕೊಂಡ ಹೊಂಟೇನಿ.”

ಮರುದಿನ ಬೆಳಗಿನ ಪ್ಯಾಸೆಂಜರ್ ಗಾಡಿಗೆ ನಾವಿಬ್ಬರೂ ಖಾನಾಪುರಕ್ಕೆ ಹೊರಟೆವು. ಶೈಲಾ ಪರೀಕ್ಷೆ ಇದೆ ಎಂದು ಉಳಿದಳು. ನನ್ನ ಆರು ಹಾಳೆಯಿಂದ ಇಷ್ಟೆಲ್ಲ ಆಯಿತಲ್ಲ ಎಂದು ನಾನು ಕಿಟಕಿಯ ಸರಳಿಗೆ ಹಣೆ ಒತ್ತಿ ಕುಳಿತಿದ್ದೆ. ದಾರಿಯ ಯಾವ ಸ್ಟೇಶನ್ನಿನ ಫಲಕವನ್ನೂ ಓದಬಾರದು ಎಂದು ಹಟ ಹಿಡಿದೆ. ಆದರೆ ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಇರುವುದು ಹೇಗೆ? ಕಣ್ಣು ಮುಚ್ಚಿಕೊಂಡೆ.

ಆಯಿಯ ಮನೆ, ಅಂದರೆ ಅವ್ವನ ತಾಯಿಯ ಮನೆ, ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಮಾಮಾ ಆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ಮನೆಯ ಹೊಸ್ತಿಲು, ಅವನ ಅಂಗಿಯ ಕಾಲರು, ಆಯಿಯ ಬಿಳಿ ಕೂದಲು, ಎಲ್ಲಕ್ಕೂ ಕೆಂಪು ಧೂಳು. ಅಲ್ಲಿ ಅವ್ವ ಬೇರೆಯೇ ಹೆಂಗಸಾದಳು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರು ಪಡಸಾಲೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಒಬ್ಬಳು ಅಕ್ಕಿ ಆರಿಸುತ್ತ, ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ. ಅವ್ವ ನಡುವೆ ಕುಳಿತು ಮಾಸಿಕದ ಧಾರಾವಾಹಿಯನ್ನು ದೊಡ್ಡ ದನಿಯಲ್ಲಿ ಓದುವಳು. ಅತ್ತೆಯ ಮಾತಿಗೆ ಒಂದು ದನಿ, ಸೊಸೆಗೆ ಇನ್ನೊಂದು, ವಕೀಲನಿಗೆ ಮೂಗಿನ ದನಿ. ನಮ್ಮ ಮನೆಯಲ್ಲಿ ತುಟಿಯೊಳಗೇ ಉಳಿಯುತ್ತಿದ್ದ ದನಿಗಳು ಇವು ಎಂದು ನನಗೆ ಆಗ ಗೊತ್ತಾಯಿತು. ಒಂದು ಕಡೆ ಬಂದು ಅವಳು ನಿಲ್ಲಿಸಿದರೆ ಹೆಂಗಸರು ಜಗಳಕ್ಕೆ ಬರುತ್ತಿದ್ದರು. “ಅಕ್ಕಾ, ಪುಢೇ ವಾಚಾ ನಾ!” ಮುಂದೆ ಓದು ಎಂದು. ಹದಿನಾಲ್ಕು ದಿನ ನಾನು ಇದನ್ನು ನೋಡಿದೆ, ಸಾಲಿ ತಪ್ಪಿಸಿಕೊಂಡು.

ಎರಡನೆಯ ಭಾನುವಾರ ಅಪ್ಪ ಬಂದರು. ಕಟ್ಟೆಯ ಮೇಲೆ ಕುಳಿತರು. ಆಯಿ ಬೆಲ್ಲ, ನೀರು ಕೊಟ್ಟಳು. ಮಾಮಾ ಹವೆಯ ಬಗ್ಗೆ, ಕಾರ್ಖಾನೆಯ ಬಗ್ಗೆ ಎರಡು ಮಾತಾಡಿ ನೆಪ ಮಾಡಿ ಹೊರಗೆ ಹೋದ. ಅವ್ವ ಒಳಗಿನಿಂದ ಬಂದು ಒಂದು ಮಾಸಿಕವನ್ನು ಅಪ್ಪನ ಮುಂದೆ ಇಟ್ಟಳು. ಪೊಟ್ಟಣವಾಗಿ ಹೋದ, ಸ್ವೆಟರಿನ ನಮೂನೆಯಿದ್ದ ಅದೇ ಸಂಚಿಕೆ. ಓಣಿಯಲ್ಲಿ ಯಾರದೋ ಮನೆಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತ್ತು. ಜೊತೆಗೆ ಉಣ್ಣೆಯ ಉಂಡೆ, ಎರಡು ಸೂಜಿ.

“ಇದನ್ನ ಓದ್ರಿ. ನಿಮಗ ಮರಾಠಿ ಬರತೈತಿ. ಜೋರ್ಲೆ ಓದ್ರಿ.”

ಅಪ್ಪನಿಗೆ ಅತ್ತೆಯ ಮುಂದೆ ಇಲ್ಲವೆನ್ನಲು ಆಗಲಿಲ್ಲ. ಕನ್ನಡಕ ಏರಿಸಿ, ಪಾಠ ಓದುವ ಗಂಭೀರ ದನಿಯಲ್ಲಿ ಶುರುಮಾಡಿದರು.

“ಪಹಿಲೀ ಓಳ. ದೋನ್ ಸುಲಟ, ಏಕ ಉಲಟ, ದೋರಾ ಪುಢೇ, ದೋನ್ ಏಕತ್ರ… ಇದೇನ ನಡುವ ಚಿಕ್ಕಿ ಹಾಕ್ಯಾರ?”

“ಮುಂದ ಓದ್ರಿ.”

“ಚಿಕ್ಕೀಯಿಂದ ಚಿಕ್ಕೀತನಕಾ ತಿರಗಿ… ಏನ ತಿರಗಿ?” ಅವರು ನಿಲ್ಲಿಸಿದರು. ಶಬ್ದಗಳೆಲ್ಲ ಗೊತ್ತು. ಎರಡು ನೇರ, ಒಂದು ತಿರುವು, ದಾರ ಮುಂದೆ, ಎರಡು ಸೇರಿಸಿ, ಚಿಕ್ಕಿ ಎಂದರೆ ನಕ್ಷತ್ರದ ಗುರುತು. ಅರ್ಥ ಮಾತ್ರ ಎಲ್ಲೂ ಇಲ್ಲ. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಅಪ್ಪ ಓದಲಾಗದೆ ತಡವರಿಸುವುದನ್ನು ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾಲ್ಕು ಪುಟದ ಮುಂದೆ ನಿಂತ ನನ್ನನ್ನೇ ನೋಡಿದಂತಾಗಿ ಸಂಕಟವಾಯಿತು.

“ಸುನಂದಾ, ನೀ ಓದ,” ಎಂದಳು ಅವ್ವ.

ನಾನು ಸೂಜಿ ತೆಗೆದುಕೊಂಡೆ. ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ಕೈಯ ಮೇಲೆ. ಮೊದಲ ಸಾಲು, ಎರಡನೆಯ ಸಾಲು, ಚಿಕ್ಕಿಯಿಂದ ಚಿಕ್ಕಿಯವರೆಗೆ ಮತ್ತೊಮ್ಮೆ. ಹನ್ನೆರಡು ಸಾಲಾಗುವ ಹೊತ್ತಿಗೆ ಬೂದು ಉಣ್ಣೆಯಲ್ಲಿ ಒಂದು ಎಲೆ ಎದ್ದು ಕಾಣಿಸಿತು. ಆಯಿ ಅದನ್ನು ಹಿಡಿದು ಅಳಿಯನ ಮುಂದೆ ಚಾಚಿದಳು.

“ನೋಡ್ರಿ ಅಳಿಯಾರ. ಹುಡುಗಿ ಏನ ಓದಿದ್ಲು ಅಂತ ಕೈಯಾಗ ಹಿಡದ ನೋಡಬೌದು.”

ಅಪ್ಪ ಆ ಎಲೆಯ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

“ಚೊಲೊ ಐತಿ,” ಎಂದರು. “ಆದ್ರ ಇದು ಕೈಗೆಲಸಾ. ಓದಲ್ಲ.”

ಅವ್ವ ಜಗಳ ಮುಂದುವರಿಸಲಿಲ್ಲ. ಅವಳಿಗೆ ಬೇಕಾದದ್ದು ಬೇರೆ ಇತ್ತು. “ನೀವು ಏನರ ಅನ್ರಿ. ನನ್ನ ಕೇಳದ ಮನ್ಯಾಗಿಂದ ಒಂದ ಹಾಳಿ ಹೊರಗ ಹೋಗಬಾರದು. ಆಕೀವೂ ಅಷ್ಟ, ನನ್ನವೂ ಅಷ್ಟ,” ಎಂದಳು. ಅಪ್ಪ ಮಾಸಿಕವನ್ನು ಎತ್ತಿ ಅವಳ ಕೈಗೆ ಕೊಟ್ಟರು. ಸಂಜೆಯ ಗಾಡಿಗೆ ಮೂವರೂ ಬೆಳಗಾವಿಗೆ ಹೊರಟೆವು.

ಅವ್ವನ ಆ ಮಾತನ್ನು ಅವರು ಮುರಿಯಲಿಲ್ಲ. ಚಾಚಿ ತೆಗೆದಿಟ್ಟಿದ್ದ ಕಾಮಿಕ್ಸುಗಳು ಮರಳಿ ಬಂದವು, ಟ್ರಂಕಿನ ಬದಲು ಅಡುಗೆಮನೆಯ ಹಲಗೆಯ ಮೇಲೆ ಬಹಿರಂಗವಾಗಿ ಕುಳಿತವು. ಆದರೆ ಭಾನುವಾರದ ಒಪ್ಪಿಸುವಿಕೆ ಮ್ಯಾಟ್ರಿಕ್ ಮುಗಿಯುವವರೆಗೂ ನಡೆಯಿತು. ನಾನು ಉಪಾಯ ಕಲಿತೆ: ಅಪ್ಪನ ಪುಸ್ತಕಗಳ ಮೊದಲ ಹಾಗೂ ಕೊನೆಯ ಪುಟ ಓದಿ, ನಡುವಿನದನ್ನು ಕಟ್ಟಿ ಹೇಳುತ್ತಿದ್ದೆ. ಚಾಚಿಯ ಹತ್ತಿರ ಪಳಗಿದ ವಿದ್ಯೆ. ಅಪ್ಪ ಖುಷಿಯಾಗಿ ಬರೆದುಕೊಳ್ಳುತ್ತಿದ್ದರು. ಓದಿದಾಗ ‘ಓದಿಲ್ಲ’ ಎಂದು ಬರೆದರು, ಓದದೆ ಇದ್ದಾಗ ‘ಓದಿದಳು’ ಎಂದು ಬರೆದರು. ಎಷ್ಟು ವರ್ಷವಾದರೂ ಇದು ನನಗೆ ನಗುವ ಸಂಗತಿಯಾಗಲೇ ಇಲ್ಲ. ಮುಂದೆ ನಾನೇ ಮಾಸ್ತರಿಕೆಗೆ ಸೇರಿ ರೈಲು ಹಳಿಯ ಬದಿಯ ಗುಂಜಿ ಎಂಬ ಊರಿನಲ್ಲಿ ಕೆಲಸ ಮಾಡುವಾಗ, ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಯ ಮೇಲಿನ ಅಕ್ಷರ, ಅಂಕಿಗಳನ್ನು ಓದಿ ಅದು ಯಾವ ಕಡೆಯ ಡಬ್ಬಿ ಎಂದು ಹೇಳುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಪಠ್ಯದ ಪದ್ಯ ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ತಪಾಸಣೆಗೆ ಬಂದವರು ಓದಲು ಬಾರದೆಂದು ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆಯುವಾಗ ನಾನು ವಾದಿಸಿದೆ. ಅವರು ನನ್ನ ಮುಖ ನೋಡಿ, ನಮೂನೆಯಲ್ಲಿ ಅದಕ್ಕೆ ಕಾಲಮ್ಮಿಲ್ಲ ಎಂದರು. ಗೆರೆ ಎಳೆದೇ ಹೋದರು.

ಆದರೆ ಆ ಮನೆಯ ಮಾತು ಮುಗಿಸುವ ಮೊದಲು ಒಂದು ದಿನದ ಸಂಗತಿ ಹೇಳಬೇಕು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಜನಗಣತಿ ಬಂತು. ಬೇರೆ ಸಾಲಿಯ ಒಬ್ಬ ತರುಣ ಮಾಸ್ತರ ಕಾಗದದ ಕಟ್ಟು ಹಿಡಿದು ನಮ್ಮ ಮುಂದಿನ ಖೋಲಿಗೆ ಬಂದು ಕುಳಿತ. ಅಪ್ಪನದು ಬರೆದುಕೊಂಡು, ಅವ್ವನ ಹೆಸರು ಕೇಳಿದ. ಗೌರವ್ವ ಎಂದರು ಅಪ್ಪ.

“ಓದಾಕ ಬರ್ಯಾಕ ಬರತೈತೇನ್ರಿ ಅವರಿಗೆ?”

ಅಪ್ಪ ಕಪಾಟಿನ ಕಡೆ ನೋಡಿದರು. “ಮರಾಠಿ ಓದತಾಳ,” ಎಂದರು.

ಓದುತ್ತಾಳೆ ಎಂದರು! ಹಾಳೆ ತಿರುವುತ್ತಾಳೆ ಎನ್ನಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಕನ್ನಡಾನೂ ಬರಕೋರಿ.”

“ಕನ್ನಡಾ? ನಿನಗ ಯಾರ ಕಲಿಸಿದ್ರು?” ಎಂದರು ಅಪ್ಪ.

“ಯಾರೂ ಕಲಿಸಿಲ್ಲ. ಈಕೀ ಚಿತ್ರದ ಪುಸ್ತಕಾ ಅದಾವಲ್ಲ, ಒಲೀ ಬಾಜು. ಯಾರ ಮಾತಾಡತಾರಂತ ಚಿತ್ರದಾಗ ಕಾಣತೈತಿ. ಏನ ಅಂದಿರಬೇಕಂತ ಊಹಾ ಮಾಡೂದು. ಊಹಾ ಕೂಡಿತಂದ್ರ ಅಕ್ಷರಾ ಸಿಕ್ಕಿತು. ನಾಕೈದ ವರ್ಸ ಹಿಡೀತು.”

ಅವಳು ಕೈ ಒರೆಸಿಕೊಂಡು, ತರುಣನ ಕೈಯಿಂದ ಪೆನ್ನು ಇಸಿದುಕೊಂಡು, ಮೇಜಿನ ಮೇಲಿದ್ದ ಪೇಪರಿನ ಅಂಚಿನಲ್ಲಿ ತನ್ನ ಹೆಸರು ಬರೆದಳು. ಕೈಬರಹದ ಅಕ್ಷರಗಳಲ್ಲ ಅವು. ಯಾರ ಕೈಬರಹವನ್ನೂ ಅವಳು ತಿದ್ದಿರಲಿಲ್ಲ. ಕಾಮಿಕ್ಸಿನ ಗುಳ್ಳೆಗಳೊಳಗಿನ ದಪ್ಪ, ದುಂಡು, ಬಿಡಿಬಿಡಿ ಅಕ್ಷರಗಳು. ಕೂಗುವ ಹುಲಿಯ, ಓಡುವ ಕುದುರೆಯ ಅಕ್ಷರಗಳು. ಅಪ್ಪ ಕನ್ನಡಕ ಏರಿಸಿ ನೋಡಿದರು.

“ಒತ್ತು ತಪ್ಪೇತಿ,” ಎಂದು ಪೆನ್ನು ತೆಗೆದುಕೊಂಡು ತಿದ್ದಿದರು.

ನನಗೆ ಮೈ ಉರಿಯಿತು. ಆದರೆ ನಾನಾದರೂ ಏನು ಮಾಡಿದ್ದೆ? ನಾಲ್ಕೈದು ವರ್ಷ ಅವಳು ನನ್ನ ಪಕ್ಕದಲ್ಲೇ, ನನ್ನವೇ ಪುಸ್ತಕಗಳನ್ನು ಹಿಡಿದು ಕುಳಿತಿದ್ದಳು. ಚಿತ್ರ ನೋಡುತ್ತಾಳೆ ಎಂದುಕೊಂಡಿದ್ದೆ. ನಾನು ಏನು ಓದುತ್ತೇನೆಂದು ಯಾರೂ ಕೇಳಲಿಲ್ಲ ಎಂದು ವರ್ಷಗಟ್ಟಲೆ ಕುದಿದವಳು, ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಆ ತರುಣ ಬರೆದುಕೊಂಡು ಹೋದ. ಅವ್ವ ರೊಟ್ಟಿ ಬಡಿಯಲು ಒಳಗೆ ಹೋದಳು. ನಾನು ಹೋಗಿ ಒಲೆಯ ಪಕ್ಕ ಕುಳಿತೆ.

“ಅವ್ವಾ, ಈಗ ಯಾವದು ಓದಾಕತ್ತೀ?”

ಅವಳು ನನ್ನನ್ನು ಅನುಮಾನದಿಂದ ನೋಡಿದಳು, ಪರೀಕ್ಷೆ ಮಾಡುತ್ತಿದ್ದೇನೋ ಎಂಬಂತೆ. ಆಮೇಲೆ ಹಂಚಿಗೆ ರೊಟ್ಟಿ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ರಾಣಿಯ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು. ರಾಣಿ ಹೊಳೆ ದಾಟುವಾಗ ರೊಟ್ಟಿ ಹೊತ್ತಿ ಹೊಗೆಯೆದ್ದಿತು. ಅವಳು ಅದನ್ನು ತಿರುವಿ ಹಾಕಲಿಲ್ಲ, ಹೇಳುವುದನ್ನೂ ನಿಲ್ಲಿಸಲಿಲ್ಲ.